‘ನಮೋ ಮರಿಯಾ’ ಜಪ: ಒಂದು ನುಡಿವಿಚಾರ

ಮೆಟ್ಟೂರು ಜಲಾಶಯದ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ದೇಗುಲದ ನಂದಿಯೂ ಕ್ರೈಸ್ತ ದೇವಾಲಯವೊಂದರ ಜೋಡಿ ಗೋಪುರವೂ ತಲೆದೋರುತ್ತವೆ. 1934ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮುಳುಗಿದ ಊರುಗಳ ಕುರುಹುಗಳಿವು. ಮೇಚೇರಿಯವರಾದ ನಮಗೆ ಆ ಗೋಪುರಗಳನ್ನು ಕಂಡಾಗ ಮನಸ್ಸಿಗೆ ಬರುವುದು ಕಲ್ಲುಗಾರೆಯ ಮಾತಲ್ಲ. ಬಾಯಿಂದ ಬಾಯಿಗೆ ಹರಿದು ಬಂದ ಒಂದು ಜಪದ ಮಾತು. ಕಥೋಲಿಕ ಕ್ರೈಸ್ತರು ದಿನವೂ ಹೇಳುವ ‘ನಮೋ ಮರಿಯಾ’ ಎಂಬ ಆ ಜಪವನ್ನು ಮತದ ದೃಷ್ಟಿಯಿಂದಲ್ಲ, ನುಡಿಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಈ ಜಪ ಒಬ್ಬ ಕವಿಯ ರಚನೆಯಲ್ಲ. ಇದರ ಮೊದಲ ಭಾಗ ಲೂಕನ ಸುವಾರ್ತೆಯ ಒಂದನೆಯ ಅಧ್ಯಾಯದ ಎರಡು ಮಾತುಗಳ ಜೋಡಣೆ. ಒಂದು, ದೇವದೂತ ಗಬ್ರಿಯೇಲನು ಮರಿಯಳಿಗೆ ಹೇಳಿದ ವಂದನೆ. ಮತ್ತೊಂದು, ಬಂಧುವಾದ ಎಲಿಸಬೇತಳು ಅವಳನ್ನು ಹರಸಿ ನುಡಿದದ್ದು. ಸ್ವರ್ಗದಿಂದ ಬಂದವನ ಮಾತೂ ಬಸುರಿಯಾದ ಒಬ್ಬ ಮುದುಕಿಯ ಮಾತೂ ಹೀಗೆ ಒಂದೇ ಉಸಿರಿನಲ್ಲಿ ಕೂಡಿರುವುದು ಸಾಮಾನ್ಯ ಸಂಗತಿಯೇನಲ್ಲ. ದೂತನ ವಂದನೆಯಲ್ಲಿ ಮರಿಯಳ ಹೆಸರಿಲ್ಲ, ಎಲಿಸಬೇತಳ ಹರಕೆಯಲ್ಲಿ ಯೇಸುವಿನ ಹೆಸರಿಲ್ಲ. ಎರಡನ್ನೂ ಜಪಿಸಿದ ಜನರು ತರುವಾಯ ಸೇರಿಸಿದರು. ಬೇಡಿಕೆಯ ರೂಪದ ಉತ್ತರಾರ್ಧವಂತೂ ಇನ್ನೂ ಈಚಿನದು. ಹದಿನೈದನೆಯ ಶತಮಾನದಲ್ಲಿ ಅದು ತುಣುಕು ತುಣುಕಾಗಿ ರೂಪುಗೊಂಡಿತು. 1568ರಲ್ಲಿ ಐದನೆಯ ಪಯಸ್ ಪೋಪರು ಹೊರಡಿಸಿದ ನಿತ್ಯಪ್ರಾರ್ಥನಾ ಗ್ರಂಥದಲ್ಲಿ ಈಗಿನ ಪೂರ್ಣರೂಪ ಸ್ಥಿರಪಟ್ಟಿತು. ಆ ಬೇಡಿಕೆಯಲ್ಲಿ ಎರಡೇ ಗಳಿಗೆಗಳಿವೆ: ಈ ಗಳಿಗೆ ಮತ್ತು ಸಾಯುವ ಗಳಿಗೆ. ನಡುವಿನ ಆಯುಷ್ಯವನ್ನೆಲ್ಲ ಜಪವು ಮಾತಿಲ್ಲದೆ ದಾಟಿಬಿಡುತ್ತದೆ. ಇಷ್ಟು ಕಿರಿದರಲ್ಲಿ ಇಷ್ಟು ಹಿರಿದನ್ನು ಹೇಳಿದ ಪ್ರಾರ್ಥನೆಗಳು ವಿರಳ.

ಇದರ ಬಳಕೆಯೂ ಸಾಮಾನ್ಯರ ಮನೆಯಿಂದಲೇ ಬೆಳೆಯಿತು. ಮಠಗಳಲ್ಲಿ ಓದುಬಲ್ಲವರು ದಾವಿದನ 150 ಕೀರ್ತನೆಗಳನ್ನು ಪಠಿಸುತ್ತಿದ್ದರು; ಓದುಬಾರದವರು ಅದಕ್ಕೆ ಪ್ರತಿಯಾಗಿ 150 ಸಲ ಈ ಜಪವನ್ನು ಮಣಿ ಎಣಿಸಿ ಹೇಳಿದರು. ಜಪಮಾಲೆಯ ಹತ್ತು ಹತ್ತರ ಲೆಕ್ಕಕ್ಕೆ ಮೂಲ ಇದು. 2002ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಇನ್ನೊಂದು ಸುತ್ತು ಧ್ಯಾನವನ್ನು ಕೂಡಿಸಿದ್ದರಿಂದ ಒಟ್ಟು 200 ಆಗಿ ಹಳೆಯ ಲೆಕ್ಕ ತಪ್ಪಿತು. ಅಕ್ಷರ ಬಾರದವರ ಗಣಿತಕ್ಕೆ ಇದರಿಂದ ತುಸು ನಷ್ಟವಾಯಿತೆಂದೇ ನಮ್ಮ ಭಾವನೆ.

ಇನ್ನು ನಮ್ಮ ಸೀಮೆಯ ವಿಷಯ. 1623ರಲ್ಲಿ ರಾಬರ್ಟ್ ಡಿ ನೊಬಿಲಿಯವರು ಮಧುರೆಯಿಂದ ಸೇಂದಮಂಗಲ, ಸೇಲಂಗಳಿಗೆ ಬಂದರು. ಅವರ ನುಡಿ ತಮಿಳು. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡದಲ್ಲಿ ವ್ಯಾಕರಣ, ನಿಘಂಟು, ಧರ್ಮೋಪದೇಶಗಳನ್ನು ಬರೆದರು. ಈ ಎರಡು ಹೊಳೆಗಳ ನಡುವಣ ನೆಲ ನಮ್ಮದು. ಇಂದು ಇಲ್ಲಿಯ ದೇವಾಲಯಗಳ ಭಾಷೆ ತಮಿಳು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಈ ಜಪ ಬಂದರೆ ತಮಿಳಿನಲ್ಲಿಯೇ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡ ರೂಪವೊಂದುಂಟೆಂಬುದೇ ಆ ಮಗುವಿಗೆ ತಿಳಿಯದೆ ಹೋದರೆ ಅದು ನಷ್ಟವೇ ಸರಿ.

ಆ ಕನ್ನಡ ರೂಪ ಹೇಗಿದೆ? ಗ್ರೀಕ್ ಮೂಲದ ವಂದನೆಯ ಶಬ್ದಕ್ಕೆ ‘ಸಂತೋಷಪಡು’ ಎಂಬ ಅರ್ಥವಿದೆ. ಲ್ಯಾಟಿನ್ನಿನ ‘ಆವೇ’ ಬರಿಯ ಕುಶಲವಂದನೆ. ತಮಿಳು ‘ವಾೞ್ಗ’ ಎಂದು ಹರಸುತ್ತದೆ. ಕನ್ನಡವಾದರೋ ‘ನಮೋ’ ಎಂದು ಬಾಗುತ್ತದೆ. ಸಂಸ್ಕೃತದ ಕಟ್ಟಿನಲ್ಲಿ ‘ನಮಃ’ ಎಂಬುದಕ್ಕೆ ಚತುರ್ಥೀ ವಿಭಕ್ತಿ ಬೇಕು. ಇಲ್ಲಿ ಮುಂದೆ ಬಂದಿರುವುದು ಸಂಬೋಧನೆ. ವೈಯಾಕರಣರು ಹುಬ್ಬುಗಂಟಿಕ್ಕಬಹುದು. ಆದರೂ ‘ನ’ಕಾರ ‘ಮ’ಕಾರಗಳು ಹೆಸರಿನ ‘ಮ’ಕಾರದೊಡನೆ ಬೆರೆತು ಮೂಡುವ ನಾದವನ್ನು ಕಿವಿಯುಳ್ಳವರು ಬಿಟ್ಟುಕೊಡಲಾರರು. ನಮ್ಮ ಆಕ್ಷೇಪ ಅರ್ಥಕ್ಕೆ ಸಂಬಂಧಿಸಿದ್ದು. ದೂತನು ಹೇಳಿದ್ದು ವಂದನೆ, ಆರಾಧನೆಯಲ್ಲ. ದೇವರಿಗೆ ಸಲ್ಲುವ ಆರಾಧನೆ ಮರಿಯಳಿಗಿಲ್ಲವೆಂದು ಕಥೋಲಿಕರೇ ಹೇಳುತ್ತಾರೆ. ದೇವತಾಸ್ತುತಿಗಳಲ್ಲಿ ಬಳಸಿ ಬಳಸಿ ಬಂದ ‘ನಮೋ’ ಆ ಗೆರೆಯನ್ನು ಸ್ವಲ್ಪ ಅಳಿಸುತ್ತದೆ.

‘ವರಪ್ರಸಾದ’ ಎಂಬ ಪದದ ಬಗ್ಗೆ ಮಾತ್ರ ನಮಗೆ ಹೊಗಳಿಕೆಯೇ ಉಂಟು. ಹಳೆಯ ತಮಿಳು ಜಪದಲ್ಲಿ ಇದರ ಸ್ಥಾನದಲ್ಲಿ ‘ಪ್ರಿಯದತ್ತ’ ಎಂಬ ಸಂಸ್ಕೃತ ಸಮಾಸವಿತ್ತು. ಈಚೆಗೆ ಅದನ್ನು ತೆಗೆದು ‘ಅರುಳ್’ ಎಂಬ ಅಚ್ಚ ತಮಿಳು ಪದವನ್ನಿಟ್ಟರು. ಕನ್ನಡಕ್ಕೆ ಆ ತೊಂದರೆ ಬರಲಿಲ್ಲ. ಪ್ರಸಾದವೆಂಬುದು ಗುಡಿಯಲ್ಲಿ ಕೈಯೊಡ್ಡಿ ಪಡೆಯುವ ವಸ್ತು. ಶರಣರ ಅಷ್ಟಾವರಣಗಳಲ್ಲಿ ಒಂದು. ಕೇಳದೆಯೂ ದೊರೆಯುವ ಕೃಪೆ. ಮೂಲದ ಅರ್ಥವನ್ನು ಇದಕ್ಕಿಂತ ಹತ್ತಿರದಿಂದ ಹಿಡಿಯುವ ಪದ ನಮಗೆ ಹೊಳೆಯದು.

ಕೊನೆಯದಾಗಿ ‘ನೀವು’. ಕನ್ನಡ ಕಥೋಲಿಕರು ದೇವರನ್ನೂ ಮರಿಯಳನ್ನೂ ಬಹುವಚನದಿಂದ ಕರೆಯುತ್ತಾರೆ. ವಚನಕಾರರಿಂದ ಹರಿದಾಸರವರೆಗೆ ಕನ್ನಡ ಭಕ್ತಿಯ ಬಾಯಿ ‘ನೀನು’ ಎನ್ನುತ್ತದೆ. ಪ್ರಾಟೆಸ್ಟಂಟರ ಕನ್ನಡ ಬೈಬಲ್ಲೂ ದೇವರಿಗೆ ‘ನೀನು’ ಎಂದೇ ಹೇಳುತ್ತದೆ. ತಮಿಳಿನಲ್ಲಿ ಈ ಇಕ್ಕಟ್ಟಿಲ್ಲ: ‘ನೀ’ಗೂ ‘ನೀಂಗಳ್’ಗೂ ನಡುವೆ ‘ನೀರ್’ ಎಂಬ ಮೂರನೆಯ ಮೆಟ್ಟಿಲುಂಟು, ಜಪ ಅಲ್ಲಿ ನಿಂತಿದೆ. ಆ ಮೆಟ್ಟಿಲು ಇಲ್ಲದ ಕನ್ನಡ ಒಂದನ್ನು ಆರಿಸಲೇಬೇಕು. ನಮ್ಮ ಮನೆಗಳಲ್ಲಿ ತಾಯಿಯನ್ನು ‘ನೀವು’ ಎನ್ನುವವರು ಎಷ್ಟು ಮಂದಿ? ತಾಯಿಯೆಂದು ಕರೆದವಳನ್ನು ದೂರ ನಿಲ್ಲಿಸುವ ಈ ಗೌರವ ನಮಗೆ ಒಪ್ಪಿಗೆಯಾಗದು. ಆದರೆ ತಲೆಮಾರುಗಳ ನಾಲಗೆಗೆ ಪಳಗಿದ್ದನ್ನು ತಿದ್ದಿರೆಂದು ಹೇಳುವ ಅಧಿಕಾರವೂ ನಮಗಿಲ್ಲ.

ಉಪಾಧ್ಯಾಯರಲ್ಲಿ ನಮ್ಮದೊಂದು ಅರಿಕೆ. ವ್ಯಾಕರಣದ ತರಗತಿಯಲ್ಲಿ ಸರ್ವನಾಮಗಳ ಪಾಠ ಬಂದಾಗ ಈ ಜಪದ ತಮಿಳು, ಕನ್ನಡ ರೂಪಗಳೆರಡನ್ನೂ ಕಪ್ಪುಹಲಗೆಯ ಮೇಲೆ ಒತ್ತಿನಲ್ಲಿ ಬರೆದು ‘ನೀರ್’ ಎಂಬುದನ್ನು ಕನ್ನಡಿಸಿರೆಂದು ಮಕ್ಕಳನ್ನು ಕೇಳಬಹುದು. ಕಾವೇರಿಯ ಆಚೆ, ಕರ್ನಾಟಕದ ಮಾರ್ಟಳ್ಳಿಯಲ್ಲಿ ತಮಿಳು ಮನೆಮಾತಿನ ಕ್ರೈಸ್ತ ಮಕ್ಕಳಿದ್ದಾರೆ. ಅಲ್ಲಿ ಇದೇ ಪಾಠವನ್ನು ತಿರುಗುಮುರುಗಾಗಿ ಮಾಡಬೇಕಾದೀತು.