ಮೇಳದ ಮೈದಾನದ ಮಣ್ಣು ಮತ್ತು ಚಾಂಪಿಯನ್ ಪಟ್ಟ

ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಕಾರ್ ರೇಸಿನ ಚರಿತ್ರೆಯನ್ನು ಇಂಡಿಯಾನಾಪೊಲಿಸ್ 500ರ ಚರಿತ್ರೆಯೆಂದೇ ಬರೆಯುವ ರೂಢಿಯಿಂದಾಗಿ, ಸ್ಟೇಟ್ ಫೇರ್ ಎಂಬ ರಾಜ್ಯಮಟ್ಟದ ಕೃಷಿ ಮೇಳಗಳ ಮೈದಾನಗಳಲ್ಲಿದ್ದ ಮಣ್ಣಿನ ಟ್ರ್ಯಾಕ್‌ಗಳಿಗೆ ಅಡಿಟಿಪ್ಪಣಿಯ ಸ್ಥಾನವಷ್ಟೇ ದಕ್ಕಿದೆ. ಸಿರಾಕ್ಯೂಸ್, ಸ್ಪ್ರಿಂಗ್‌ಫೀಲ್ಡ್, ಸ್ಯಾಕ್ರಮೆಂಟೊ, ಇಂಡಿಯಾನಾಪೊಲಿಸ್‌ಗಳ ಈ ಒಂದು ಮೈಲಿಯ ಟ್ರ್ಯಾಕ್‌ಗಳು ಮೂಲತಃ ಕುದುರೆ ಓಟದವು. ಕಾರುಗಳು ಅಲ್ಲಿಗೆ ಬಂದದ್ದು ಬಾಡಿಗೆದಾರರಂತೆ.

ಆ ಬಾಡಿಗೆಗೆ ತೆತ್ತ ಬೆಲೆ ಅಲ್ಪವಲ್ಲ. 1921ರಲ್ಲಿ ಫ್ರೆಂಚ್ ಗ್ರ್ಯಾನ್ ಪ್ರೀಯನ್ನೂ ಮರುವರ್ಷ ಇಂಡಿಯಾನಾಪೊಲಿಸ್ 500ನ್ನೂ ಗೆದ್ದಿದ್ದ ಜಿಮ್ಮಿ ಮರ್ಫಿ 1924ರಲ್ಲಿ ಸಿರಾಕ್ಯೂಸ್‌ನಲ್ಲಿ ಒಳಬದಿಯ ಮರದ ಕಟಕಟೆಗೆ ಕಾರು ಬಡಿದು ಸತ್ತನು. ಆ ವರ್ಷದ ಪಟ್ಟ ಅವನಿಗೆ ಮರಣೋತ್ತರವಾಗಿ ಸಂದಿತು. ಕುದುರೆಗಳನ್ನು ತಡೆಯಲು ಹಾಕಿದ್ದ ಬೇಲಿಯ ದೋಷವನ್ನು ಮಣ್ಣಿನ ತಲೆಗೆ ಕಟ್ಟುವುದು ಮಾತ್ರ ತಪ್ಪು ತೀರ್ಮಾನ.

ಏಕೆಂದರೆ ಆ ಮಣ್ಣೇ ಚಾಲಕನ ನಿಜವಾದ ಪರೀಕ್ಷಕ. ನೀರುಣಿಸಿ ಹದಗೊಳಿಸಿದ ಜೇಡಿಯು ಓಟ ಸಾಗಿದಂತೆ ಒಳಸಾಲಿನಲ್ಲಿ ಒಣಗಿ ಕಪ್ಪಗೆ ನುಣುಪಾಗುತ್ತದೆ. ಚಕ್ರಗಳು ಎರಚಿದ ಸಡಿಲ ಮಣ್ಣು ಹೊರಬದಿಗೆ ಸೇರಿ, ಚಾಲಕರು ಕುಷನ್ ಎಂದು ಕರೆಯುವ ಮೆತ್ತನೆಯ ದಿಬ್ಬವಾಗುತ್ತದೆ. ಹೀಗೆ ಸುತ್ತುಸುತ್ತಿಗೂ ಬದಲಾಗುವ ನೆಲದ ಮೇಲೆ ಹಿಂಬದಿಯನ್ನು ಬೇಕೆಂದೇ ಜಾರಿಸುತ್ತ, ಸ್ಟೀರಿಂಗಿಗಿಂತ ಹೆಚ್ಚಾಗಿ ಆಕ್ಸಿಲರೇಟರಿನಿಂದಲೇ ಕಾರನ್ನು ತಿರುಗಿಸುತ್ತ, ನೂರು ಮೈಲಿ ಓಡಬೇಕಿತ್ತು. ಇಂಡಿಯಾನಾಪೊಲಿಸ್‌ನ ಮೇಳದ ಮೈದಾನದ ಮಣ್ಣಿನಲ್ಲಿ 1953ರಲ್ಲಿ ಆರಂಭವಾದ ಹೂಸಿಯರ್ ಹಂಡ್ರೆಡ್ ಓಟವನ್ನು ಎ. ಜೆ. ಫಾಯ್ಟ್ ಆರು ಬಾರಿ ಗೆದ್ದದ್ದು ಎಂಜಿನ್ನಿನ ಬಲವೊಂದರಿಂದಲೇ ಅಲ್ಲ.

1960ರ ದಶಕದಲ್ಲಿ ಎಂಜಿನ್ ಚಾಲಕನ ಹಿಂದಕ್ಕೆ ಸರಿದಾಗ, ಆ ವಿನ್ಯಾಸ ಮಣ್ಣಿಗೆ ಒಗ್ಗದ ಕಾರಣ ತಂಡಗಳು ಡಾಂಬರಿಗೊಂದು, ಮಣ್ಣಿಗೊಂದು ಎಂದು ಬೇರೆ ಬೇರೆ ಕಾರು ಇಟ್ಟುಕೊಳ್ಳಬೇಕಾಯಿತು. ಈ ಹೊರೆ ನಿಜವಾದದ್ದೇ. ಆದರೂ ಸ್ಪರ್ಧೆಗಳನ್ನು ನಡೆಸುತ್ತಿದ್ದ ಯುಸಾಕ್ ಸಂಸ್ಥೆ 1971ರಿಂದ ಮಣ್ಣಿನ ಓಟಗಳನ್ನು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಿಂದ ಹೊರಗಿಟ್ಟು ಪ್ರತ್ಯೇಕ ಸರಣಿಯಾಗಿಸಿದ್ದು ಖರ್ಚನ್ನು ಮಾತ್ರವಲ್ಲ, ಪಟ್ಟದ ಅರ್ಥವನ್ನೂ ಕುಗ್ಗಿಸಿತು. 1970ರ ಚಾಂಪಿಯನ್ ಆಲ್ ಅನ್ಸರ್ ಒಂದೇ ವರ್ಷದಲ್ಲಿ ಇಂಡಿಯಾನಾಪೊಲಿಸ್ 500, ಹೂಸಿಯರ್ ಹಂಡ್ರೆಡ್ ಎರಡನ್ನೂ ಗೆದ್ದವನು. ಅವನ ಪಟ್ಟವನ್ನೂ ಮುಂದಿನವರ ಪಟ್ಟವನ್ನೂ ಒಂದೇ ಅಳತೆಯವೆಂಬಂತೆ ಪಟ್ಟಿಮಾಡುವುದು ಚರಿತ್ರಕಾರರ ಸೋಮಾರಿತನ.