ಓದದೇ ಬೈದಿದ್ದ ಗಾಡ್ಗೀಳರನ್ನು ಹತ್ತು ವರ್ಷ ತಡವಾಗಿ ಓದಿದ್ದು

2013ರ ಕೊನೆಯಲ್ಲಿ ಒಂದು ರಾತ್ರಿ ಅಪ್ಪ ಊರಿಂದ ಫೋನ್ ಮಾಡಿದ್ದರು. "ಅದೇನೋ ಗಾಡ್ಗೀಳ್ ವರದಿ ಅಂತೆ, ಕಸ್ತೂರಿ ವರದಿ ಅಂತೆ. ಬಂದ್ರೆ ನಮ್ಮನ್ನ ಒಕ್ಕಲೆಬ್ಬಿಸ್ತಾರಂತೆ. ದನ ಸಾಕಂಗಿಲ್ವಂತೆ." ನಾನಾಗ ಬೆಂಗಳೂರಿನಲ್ಲಿ ಹೊಸದಾಗಿ ಕೋಡ್ ಬರೆಯಲು ಸೇರಿದ್ದವನು. ಸಕಲೇಶಪುರದ ಘಟ್ಟದಂಚಿನ ಎರಡೂವರೆ ಎಕರೆ ಕಾಫಿ ತೋಟವೇ ನನ್ನ ಬಿಇ ಫೀಸು ಕಟ್ಟಿದ್ದು. ಸಿಟ್ಟು ಬಂತು. ಪುಣೆಯಲ್ಲಿ ಕೂತವರಿಗೆ ಮಲೆನಾಡಿನ ಕಷ್ಟ ಏನು ಗೊತ್ತು ಅಂತ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬೈದು ಹಾಕಿದೆ. ಲೈಕುಗಳೂ ಬಂದವು. ವರದಿಯ ಒಂದು ಪುಟವನ್ನೂ ನಾನು ನೋಡಿರಲಿಲ್ಲ.

ಮಾಧವ ಗಾಡ್ಗೀಳರ ಆತ್ಮಕಥೆ 'ಎ ವಾಕ್ ಅಪ್ ದ ಹಿಲ್' 2023ರಲ್ಲಿ ಬಂದಾಗ ತರಿಸಿಕೊಂಡಿದ್ದು ಸ್ವಲ್ಪ ಆ ಪಾಪಪ್ರಜ್ಞೆಯಿಂದಲೇ.

ಪುಣೆಯವರು ಹೌದು. ಅಪ್ಪ ದೊಡ್ಡ ಅರ್ಥಶಾಸ್ತ್ರಜ್ಞ, ಪಕ್ಕದ ಮನೆಯಲ್ಲಿ ಇರಾವತಿ ಕರ್ವೆ. ಹಾರ್ವರ್ಡಿನಲ್ಲಿ ಪಿಎಚ್‌ಡಿ ಮುಗಿಸಿ 1971ರಲ್ಲಿ ಹೆಂಡತಿಯ ಜೊತೆ ವಾಪಸ್ ಬಂದರು. ನಮ್ಮ ಬ್ಯಾಚಿನಲ್ಲಿ ಅಮೆರಿಕಕ್ಕೆ ಹೋದವರಲ್ಲಿ ಹಾಗೆ ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಇರಲಿ. 1973ರಿಂದ ಮೂರು ದಶಕ ಅವರು ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ತಿರುಗಾಡಿದ್ದು ಹೆಚ್ಚಾಗಿ ಉತ್ತರ ಕನ್ನಡದಲ್ಲಿ. ಅಂದರೆ ನಾನು 'ಪುಣೆಯಲ್ಲಿ ಕೂತವರು' ಅಂದಿದ್ದ ಮನುಷ್ಯ ನಾನು ಹುಟ್ಟುವ ಮೊದಲೇ ನಮ್ಮ ಘಟ್ಟ ಹತ್ತಿ ಇಳಿದಿದ್ದರು.

ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಬಿದಿರಿನ ಕತೆ. ಎಪ್ಪತ್ತರ ದಶಕದಲ್ಲಿ ಕಾಡಿನ ಬಿದಿರು ಮುಗಿಯುತ್ತಾ ಬಂತು. ಕಾಗದದ ಕಾರ್ಖಾನೆಗಳು ಜನರ ಕಡೆ ಬೆರಳು ತೋರಿಸಿದವು, ಜನ ಕಾರ್ಖಾನೆಗಳ ಕಡೆ. ಸರ್ಕಾರ ಗಾಡ್ಗೀಳರಿಗೆ ನೋಡಿ ಹೇಳಿ ಅಂತು. ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಗೆ! ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯ ದರ ಕೊಡಬೇಕಿತ್ತು. ಇನ್ನೊಂದು ವಿಷಯ. ಬಿದಿರು ಚೆನ್ನಾಗಿ ಬರಲಿ ಅಂತ ಮೆಳೆಯ ಬುಡದ ಮುಳ್ಳನ್ನು ಸವರಿ ಶುಚಿ ಮಾಡಿಸುವುದು ಅರಣ್ಯ ಇಲಾಖೆಯ ಪದ್ಧತಿ. ಮುಳ್ಳು ತೆಗೆದರೆ ಕಳಲೆಯನ್ನು ದನ, ಮುಳ್ಳುಹಂದಿ ತಿಂದು ಹಾಕ್ತವೆ ಅಂತ ಹಳ್ಳಿಯವರು ಹೇಳಿದರು. ಗಾಡ್ಗೀಳರು ಮೆಳೆಗಳ ಮುಂದೆ ಕೂತು ಲೆಕ್ಕ ಹಾಕಿದರು. ಹಳ್ಳಿಯವರು ಹೇಳಿದ್ದೇ ಸರಿಯಾಗಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಯೂಸರ್ ಕೊಟ್ಟ ಬಗ್ ರಿಪೋರ್ಟನ್ನು ನಂಬಿ, ಆದರೂ ತಾವೇ ಟೆಸ್ಟ್ ಮಾಡಿ ನೋಡಿದ ವಿಜ್ಞಾನಿ.

ಕಮಿಟಿಗಳ ಪುಟಗಳು ಅಷ್ಟು ಓಡುವುದಿಲ್ಲ. ಪ್ರಧಾನಿಯ ವಿಜ್ಞಾನ ಸಲಹಾ ಮಂಡಳಿ, ಜಾಗತಿಕ ಪರಿಸರ ನಿಧಿಯ ವೈಜ್ಞಾನಿಕ ಸಲಹಾ ಸಮಿತಿಯ ಅಧ್ಯಕ್ಷಗಿರಿ, ಹೀಗೆ ರಾಯಭಾರಿಯೊಬ್ಬನ ಹಾಗೆ ಮೇಜಿಂದ ಮೇಜಿಗೆ ಓಡಾಡಿದ ವರ್ಷಗಳು ಮೀಟಿಂಗ್ ಮಿನಿಟ್ಸ್ ಓದಿದ ಹಾಗೆ ಸಾಗುತ್ತವೆ.

ನಮಗೆ ಬೇಕಾದ ಮೇಜು 2010ರದ್ದು. ಕೇಂದ್ರ ಸರ್ಕಾರದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಗೆ ಗಾಡ್ಗೀಳರು ಅಧ್ಯಕ್ಷರು. ಸಮಿತಿಯ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆ. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳದ ನೀರನ್ನು ಕಟ್ಟಿ ಕರೆಂಟು ತೆಗೆಯುವ ಪ್ಲ್ಯಾನು. ಗುಂಡ್ಯದ ಹೆಸರನ್ನೇ ಹೊತ್ತ ಒಂದು ಕಪ್ಪೆ ಪ್ರಭೇದ ಇರುವ ಕಣಿವೆ ಅದು. ಸಮಿತಿ ಬಂದು ನೋಡಿ, ಜನರ ಮಾತು ಕೇಳಿ, ಯೋಜನೆ ಬೇಡ ಅಂತ 2011ರಲ್ಲಿ ಬರೆದು ಕೊಟ್ಟಿತು. ವರದಿಯನ್ನು ಸರ್ಕಾರ ತಿಂಗಳುಗಟ್ಟಲೆ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಜಗಳದ ನಂತರ 2012ರಲ್ಲಷ್ಟೇ ಹೊರಬಂತು.

ಈಗ ಅದನ್ನು ಓದಿದ್ದೇನೆ. ಒಕ್ಕಲೆಬ್ಬಿಸುವ ಮಾತು ಎಲ್ಲೂ ಇಲ್ಲ. ಅತಿ ಸೂಕ್ಷ್ಮ ವಲಯದಲ್ಲಿ ರಾಸಾಯನಿಕ ಕೀಟನಾಶಕವನ್ನು ಐದು ವರ್ಷದಲ್ಲಿ ಬಿಡಬೇಕು ಅಂತಿದೆ. ಕಾಂಡಕೊರಕದ ಜೊತೆ ಗುದ್ದಾಡುವ ಸಣ್ಣ ಬೆಳೆಗಾರನಿಗೆ ಅದು ಹೆದರಿಕೆಯ ಮಾತೇ, ಅಪ್ಪನ ಭಯ ಪೂರ್ತಿ ಸುಳ್ಳಲ್ಲ. ಆದರೆ ವಲಯದ ಗಡಿ, ನಿಯಮ ಎಲ್ಲ ಕರಡು ಮಾತ್ರ, ಸ್ಥಳೀಯ ಭಾಷೆಗೆ ತರ್ಜುಮೆ ಮಾಡಿ ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಿ ಅಂತ ಅದೇ ವರದಿ ಹೇಳುತ್ತದೆ. ನಮ್ಮೂರ ಗ್ರಾಮಸಭೆಗೆ ಅಂಥ ಕನ್ನಡದ ಪ್ರತಿ ಬರಲೇ ಇಲ್ಲ. ಬಂದಿದ್ದು ಪುಕಾರು.

ಆಮೇಲೆ ಕಸ್ತೂರಿರಂಗನ್ ಸಮಿತಿ. 2013ರಲ್ಲಿ ಅವರು ಘಟ್ಟದ ಶೇಕಡಾ 37ರಷ್ಟನ್ನು ಸೂಕ್ಷ್ಮ ಪ್ರದೇಶ ಅಂತ ಉಪಗ್ರಹ ಚಿತ್ರ ಇಟ್ಟುಕೊಂಡು ಗುರುತಿಸಿದರು. ಗುಂಡ್ಯಕ್ಕೆ ಪೂರ್ತಿ ಬಾಗಿಲು ಹಾಕದೆ, ನೀರಿನ ಹರಿವನ್ನು ಮತ್ತೆ ಲೆಕ್ಕ ಹಾಕಿ ನೋಡಬಹುದು ಅಂದರು. ನಾವು ಎರಡೂ ವರದಿಯನ್ನು ಒಂದೇ ಉಸಿರಲ್ಲಿ ಸುಟ್ಟೆವು. ನಮ್ಮನ್ನು ಕೇಳಿ ಅಂದವರು ಯಾರು, ಮ್ಯಾಪ್ ಹಾಕಿ ಕೊಟ್ಟವರು ಯಾರು ಅಂತ ನೋಡಲಿಲ್ಲ. ಕೊನೆಗೆ ಎತ್ತಿನಹೊಳೆಯ ನೀರು ಬೇರೆ ಹೆಸರಲ್ಲಿ ಘಟ್ಟ ಹತ್ತಿತು. ಕುಡಿಯುವ ನೀರಿನ ಯೋಜನೆ ಅನ್ನುವ ಕಾರಣಕ್ಕೆ ಪರಿಸರ ಅನುಮತಿಯ ತಕರಾರಿಲ್ಲ. ವೆಚ್ಚ 23 ಸಾವಿರ ಕೋಟಿ ದಾಟಿದೆ. 2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆಯಾಯಿತು. ಆಗ ಯಾರೂ ಬಂದ್ ಮಾಡಲಿಲ್ಲ.

ಕೆರಿಬಿಯನ್ನಿನ ಪುಟ್ಟ ದ್ವೀಪ ಡೊಮಿನಿಕಾದಲ್ಲಿ ಆಥರ್ಟನ್ ಮಾರ್ಟಿನ್ ಅಂತ ಒಬ್ಬ ಕೃಷಿ ತಜ್ಞ ಇದ್ದಾರೆ. ಅಲ್ಲಿ ತಾಮ್ರದ ಗಣಿ ಬರದಂತೆ ಊರವರನ್ನು ಕಟ್ಟಿ ಹೋರಾಡಿ 1998ರಲ್ಲಿ ಗೋಲ್ಡ್‌ಮನ್ ಪ್ರಶಸ್ತಿ ಪಡೆದವರು. ನಂತರ ಮಂತ್ರಿಯೂ ಆದರು. 2000ದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಸಭೆಯಲ್ಲಿ ಅವರ ಸರ್ಕಾರ ತಿಮಿಂಗಿಲ ಅಭಯಾರಣ್ಯದ ವಿರುದ್ಧ ಜಪಾನಿನ ಕಡೆ ವೋಟು ಹಾಕಿತು. ಮಾರ್ಟಿನ್ ರಾಜೀನಾಮೆ ಕೊಟ್ಟು ಹೊರನಡೆದರು. ತನ್ನ ವರದಿ ಮೂಲೆಗೆ ಬಿದ್ದಾಗ ಗಾಡ್ಗೀಳರು ಕಸ್ತೂರಿರಂಗನ್ ಅವರಿಗೆ ಒಂದು ಬಹಿರಂಗ ಪತ್ರ ಬರೆದರು. ಇಂಗ್ಲಿಷಿನಲ್ಲಿ. ಬಾಳ್ಳುಪೇಟೆಯಲ್ಲೋ ಹಾನುಬಾಳಿನಲ್ಲೋ ಒಂದು ಸಂತೆ ದಿನ ಆ ಪತ್ರವನ್ನು ಕನ್ನಡದಲ್ಲಿ ಯಾರಾದರೂ ಓದಿದ್ದರೆ ಅಪ್ಪ ಅವತ್ತು ಬೇರೆ ಥರ ಫೋನ್ ಮಾಡುತ್ತಿದ್ದರೇನೋ.

ಪುಸ್ತಕದ ಬಗ್ಗೆ ನನ್ನ ದೊಡ್ಡ ತಕರಾರು ಬೇರೆಯದೇ. ಗಾಡ್ಗೀಳರಿಗೆ ಗ್ರಾಮಸಭೆಯ ಮೇಲೆ ಬಹಳ ನಂಬಿಕೆ. 1992ರಲ್ಲಿ ರಾಮಚಂದ್ರ ಗುಹಾ ಜೊತೆ ಬರೆದ ಪುಸ್ತಕದಲ್ಲಿ, ಜಾತಿಗಳು ಕಾಡಿನ ಸಂಪತ್ತನ್ನು ತಮ್ಮೊಳಗೆ ಪಾಲು ಮಾಡಿಕೊಂಡು ಜಗಳವಿಲ್ಲದೆ ಬಳಸುತ್ತಿದ್ದವು ಅನ್ನುವ ವಾದವಿದೆ. ಆ ಪಾಲಿನಲ್ಲಿ ಯಾರಿಗೆ ಏನು ಸಿಗುತ್ತಿತ್ತು ಅಂತ ನಮ್ಮ ಲೈನ್ ಮನೆಯವರನ್ನು ಕೇಳಬೇಕು. ನಮ್ಮ ಗ್ರಾಮಸಭೆ ನಡೆಯುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಬಂದರೆ ಆ ದಿನದ ಕೂಲಿ ಹೋಯಿತು. ಮುಂದಿನ ಕುರ್ಚಿಗಳಲ್ಲಿ ದೊಡ್ಡ ತೋಟದವರು, ಅವರ ಹಿಂದೆ ನಮ್ಮಂಥ ಸಣ್ಣವರು. ಹೊಳೆಯ ಬಗ್ಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವ, ಬೇಸಿಗೆಯಲ್ಲಿ ಅಲ್ಲಿಂದಲೇ ನೀರು ಹೊರುವ ಹೆಂಗಸರು ಆ ಹೊತ್ತಿಗೆ ತೋಟದಲ್ಲಿ ಕಸಿ ಮಾಡುತ್ತಿರುತ್ತಾರೆ. ಬಿದಿರಿನ ಮೆಳೆಯ ಮುಂದೆ ಅಷ್ಟು ತಾಳ್ಮೆಯಿಂದ ಕೂತ ಮನುಷ್ಯ ಗ್ರಾಮಸಭೆಯ ಮುಂದೆ ಅಷ್ಟೇ ಹೊತ್ತು ಕೂತಿದ್ದರೆ ಇದನ್ನು ಬರೆಯದೇ ಬಿಡುತ್ತಿರಲಿಲ್ಲ ಅನಿಸಿತು.

ಹಾಗಂತ ಬೇರೆ ಯಾವ ತಜ್ಞರು ನಮ್ಮನ್ನು ಕೇಳಿ ಅಂದಿದ್ದಾರೆ?

ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಕಾಫಿ ಕುಡಿಯುತ್ತಾ ಹೂಂಗುಟ್ಟಿದರು, ಅಷ್ಟೇ. ವನ್ಯಜೀವಿ ಕಾಯ್ದೆ ಬದಲಾಗಬೇಕು, ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯುವ ತೀರ್ಮಾನ ಊರವರದ್ದೇ ಆಗಬೇಕು ಅಂತಲೂ ಗಾಡ್ಗೀಳರು ವಾದಿಸಿದ್ದಾರೆ ಅಂದಾಗ ಮಾತ್ರ ಲೋಟ ಕೆಳಗಿಟ್ಟರು.

"ಯಾರು, ಆ ಗಾಡ್ಗೀಳೇ ಹಂಗಂದಿದ್ದು?"

ಹೌದು ಅಂದೆ.

"ಮತ್ತೆ ಅವತ್ತು ನೀನ್ಯಾಕೆ ಹೇಳ್ಲಿಲ್ಲ?"

ಮುಂದಿನ ಗ್ರಾಮಸಭೆ ಡಿಸೆಂಬರಿನಲ್ಲಂತೆ, ಹಣ್ಣು ಕೊಯ್ಲಿನ ನಡುವೆ. ಬುಧವಾರ, ಹನ್ನೊಂದಕ್ಕೆ.