ಸವೆತ ಓದಬಲ್ಲ ಕೈ

ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಧೂಳಿಗೆ ಬಿಡುವಿಲ್ಲ. ಏರ್ ಫಿಲ್ಟರ್ ಹರಿದ ಬೈಕಿನ ಕಾರ್ಬುರೇಟರ್‌ಗೆ ಅದೇ ಶತ್ರು. 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಇಂದಿಗೂ ರಸ್ತೆಯಲ್ಲಿ ಕಾಣುತ್ತದೆಂದರೆ, ಶ್ರೇಯ ಹಳೆಯ ಮೆಕ್ಯಾನಿಕ್‌ಗಳಿಗೆ ಸಲ್ಲಬೇಕು.

ಬಲ್ಲವರು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಕಂದು ಬಣ್ಣವಿದ್ದರೆ ಸರಿ. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು. ಬಿಳಿಚಿದ್ದನ್ನು ಕಡೆಗಣಿಸಿದರೆ ಟೂ-ಸ್ಟ್ರೋಕ್ ಪಿಸ್ಟನ್ ಸೀಜ್ ಆಗಬಹುದು. ಕಾರ್ಬುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ನೀಡಲ್‌ನ ಮೊನೆಯಲ್ಲಿ ಉಂಗುರದಂಥ ಗೆರೆ ಹುಡುಕುತ್ತಾರೆ. ಎಲ್ಲಕ್ಕಿಂತ ಸೂಕ್ಷ್ಮವಾದುದು ಜೆಟ್ ನೀಡಲ್‌ನ ಸವೆತ. ಆ ನೀಡಲ್ ವರ್ಷಗಟ್ಟಲೆ ಮೇಲೆ ಕೆಳಗೆ ಆಡುತ್ತ ಹಿತ್ತಾಳೆಯ ದುಂಡು ರಂಧ್ರವನ್ನು ಮೊಟ್ಟೆಯಾಕಾರಕ್ಕೆ ತಂದಿರುತ್ತದೆ. ಬರಿಗಣ್ಣಿಗೆ ಸುಲಭಕ್ಕೆ ಸಿಗದ ಆ ಸವೆತ ಮೈಲೇಜ್ ತಿನ್ನುತ್ತದೆ. ಅದನ್ನು ಕಂಡುಹಿಡಿಯುವವರ ವಿದ್ಯೆಗೆ ನನ್ನ ಮನಸ್ಸು ಪೂರ್ತಿ ಸೋತಿದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುಪಾಲು ಕಾರ್ಬುರೇಟರ್ ಬಿಟ್ಟು ಫ್ಯೂಯೆಲ್ ಇಂಜೆಕ್ಷನ್‌ಗೆ ಹೊರಳಿವೆ. ಕಲಿಯುವ ಹುಡುಗರ ಕೈಗೆ ಕಾರ್ಬುರೇಟರ್ ಸಿಗುವುದು ಅಪರೂಪವಾಗುತ್ತಿದೆ. ನಿಮ್ಮ ಮನೆಯಲ್ಲಿ ಹಳೆಯ ಬೈಕಿದ್ದರೆ ಕಟ್ಟಿದ ಜೆಟ್‌ಗೆ ತಂತಿ ಚುಚ್ಚಬೇಡಿ, ರಂಧ್ರ ದೊಡ್ಡದಾಗುತ್ತದೆ. ಬಲ್ಲವರ ಬಳಿ ಒಯ್ಯಿರಿ, ಚೌಕಾಸಿ ಮಾಡದೆ ಕೂಲಿ ಕೊಡಿ.